ತೊಟ್ಟಿ ಕುಡಿದ ಬಿಸಿ

ಬಣ್ಣದ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಪಾದರಸ ಎಂದೇ ಕರೆಯುತ್ತಿದ್ದರು. ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಹದಿನೇಳನೆಯ ವಯಸ್ಸಿನಲ್ಲಿ ಭೌತಶಾಸ್ತ್ರದ ಪರೀಕ್ಷೆಗೆ ಕೂತು, ಅರ್ಧ ಗಂಟೆಯಾಗುವಷ್ಟರಲ್ಲಿ ಮೈಮೇಲೆ ಇರುವೆ ಹರಿದಂತಾಗಿ, ಉತ್ತರ ಪತ್ರಿಕೆಯನ್ನು ಮೇಜಿನ ಮೇಲೇ ಬಿಟ್ಟು ಎದ್ದು ಬಂದಿದ್ದಳು. ಅಲ್ಲಿಗೆ ಓದು ಮುಗಿದಿತ್ತು. ಈಗ ನಲವತ್ತೊಂದರಲ್ಲಿ ಮತ್ತೆ ಅದೇ ಪುಸ್ತಕ ಹಿಡಿದಿದ್ದಳು. ಕಾರ್ಖಾನೆಯ ಪ್ರಯೋಗಾಲಯದಲ್ಲಿ ಒಂದು ಜಾಗ ಖಾಲಿಯಿತ್ತು. ಹದಿನೆಂಟು ವರ್ಷ ನೂಲಿಗೆ ಬಣ್ಣ ಹಾಕಿದ ಕೈ ಇದ್ದರೆ ಸಾಲದು, ಭೌತಶಾಸ್ತ್ರ ರಸಾಯನಶಾಸ್ತ್ರ ಪಾಸಾದ ಕಾಗದವೂ ಬೇಕು ಎಂದಿದ್ದರು.

ಬೆಳಗಿನ ಪಾಳಿ ಮುಗಿಸಿ ಬಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಲೆಕ್ಕ ಬಿಡಿಸುತ್ತಿದ್ದಳು. ಒಂದು ಸಾಲು ಬರೆದು ಕಿಟಕಿಯವರೆಗೆ ಹೋಗುವುದು, ಬಂದು ಇನ್ನೊಂದು ಸಾಲು ಬರೆಯುವುದು.

"ಲೆಕ್ಕ ಮಾಡ್ತಿದ್ದೀಯೋ, ಕಾವಲು ಕಾಯ್ತಿದ್ದೀಯೋ?" ಎಂದಳು ಅತ್ತೆ.

"ಕೂತ್ರೆ ತಲೆ ಓಡಲ್ಲ ಅತ್ತೆ."

"ತಲೆ ಓಡಲಿ ಬಿಡು, ಜೊತೆಗೆ ಕಾಲೂ ಓಡ್ಬೇಕಾ?"

ಆ ದಿನದ ಲೆಕ್ಕ ಅವಳ ಕೆಲಸದ್ದೇ ಆಗಿತ್ತು. ಮೂವತ್ತು ಡಿಗ್ರಿಯ ಇಪ್ಪತ್ತು ಲೀಟರ್ ನೀರನ್ನು ಐವತ್ತು ಡಿಗ್ರಿಗೆ ತರಬೇಕಾದರೆ ತೊಂಬತ್ತು ಡಿಗ್ರಿಯ ನೀರು ಎಷ್ಟು ಬೆರೆಸಬೇಕು? ತಣ್ಣೀರು ಪಡೆದಷ್ಟು ಬಿಸಿಯನ್ನು ಬಿಸಿನೀರು ಕಳೆದುಕೊಳ್ಳಬೇಕು. ಹತ್ತು ಲೀಟರ್ ಬಂತು. ಪುಸ್ತಕದ ಕೊನೆಯಲ್ಲಿದ್ದ ಉತ್ತರವೂ ಹತ್ತೇ. ಬೇರೆಯವರಾಗಿದ್ದರೆ ಪುಟ ತಿರುಗಿಸುತ್ತಿದ್ದರು. ಅವಳು ಮೊದಲಿನಿಂದ ಮತ್ತೆ ಬಿಡಿಸಿದಳು, ಮತ್ತೆ ಹತ್ತೇ. ಇಷ್ಟು ವರ್ಷ ಕಾರ್ಖಾನೆಯ ಬಣ್ಣದ ತೊಟ್ಟಿಯಲ್ಲಿ ಅಷ್ಟೇ ತಣ್ಣೀರಿಗೆ ಅವಳು ಸುರಿಯುತ್ತಾ ಬಂದದ್ದು ಹನ್ನೆರಡು.

ಭಾನುವಾರದ ತರಗತಿಯಲ್ಲಿ ಮೇಷ್ಟ್ರನ್ನು ಹಿಡಿದು, ಕಾರ್ಖಾನೆಯಲ್ಲಿ ಹನ್ನೆರಡು ಏಕೆ ಬೇಕಾಗುತ್ತದೆ ಎಂದು ಕೇಳಿದಳು.

"ಪರೀಕ್ಷೆಯಲ್ಲಿ ಹತ್ತು ಅಂತ ಬರೀರಿ, ಪೂರ್ತಿ ಅಂಕ ಸಿಗುತ್ತೆ," ಎಂದರು ಅವರು.

"ಅಂಕ ಸಿಗುತ್ತೆ ಸಾರ್, ಆದ್ರೆ ಬಣ್ಣ ಹಿಡಿಯಲ್ಲ."

ಮೇಷ್ಟ್ರು ನಕ್ಕು ಮುಂದಿನ ಪಾಠಕ್ಕೆ ಹೋದರು. ಅವಳಿಗೆ ನಗು ಬರಲಿಲ್ಲ. ಬಸ್ಸಿನಲ್ಲಿ ಟಿಕೆಟಿನ ಹಿಂದೆ ಗೀಚಿದಳು. ಬಿಸಿ ಗಾಳಿಗೆ ಹೋಗುತ್ತಿರಬಹುದೆ? ಮರುದಿನ ತೊಟ್ಟಿಗೆ ಮುಚ್ಚಳ ಹಾಕಿ ನೋಡಿದಳು. ಹತ್ತು ಲೀಟರಿಗೆ ಉಷ್ಣಮಾಪಕ ಐವತ್ತು ತೋರಿಸಲೇ ಇಲ್ಲ. ಮುಚ್ಚಳ ತೆಗೆಯುವಾಗ ಮೊಣಕೈ ಉಕ್ಕಿನ ಅಂಚಿಗೆ ತಗುಲಿ ಚುರ್ರೆಂದಿತು. ಕೈ ಕೊಡವುತ್ತಲೇ ಅವಳು ಅಲ್ಲಾಡದೆ ನಿಂತುಬಿಟ್ಟಳು. ನೀರು ಸುರಿಯುವ ಮುನ್ನ ಇದೇ ಅಂಚು ತಣ್ಣಗಿತ್ತಲ್ಲ!

ಜೊತೆಯ ಕೆಲಸದವಳನ್ನು ಕರೆದು, ತೊಟ್ಟಿ ಬರಿದು ಮಾಡಿ, ನೂಲು ತೂಗುವ ತಕ್ಕಡಿಯ ಮೇಲೆ ಇಬ್ಬರೂ ಎತ್ತಿಟ್ಟರು. ಮೂವತ್ತಮೂರು ಕಿಲೋ.

"ಇದನ್ಯಾಕೆ ತೂಗ್ತಿದ್ದೀರಿ? ಗುಜರಿಗೆ ಹಾಕ್ತೀರಾ?" ಮೇಲ್ವಿಚಾರಕ ಗುಡುಗಿದ.

"ಇದು ಎಷ್ಟು ಬಿಸಿ ಕುಡಿಯುತ್ತೆ ನೋಡ್ತಿದ್ದೀವಿ."

"ಕುಡಿಯುತ್ತಾ? ನಿಂಗೆ ಓದು ನೆತ್ತಿಗೇರಿದೆ. ಇಳಿಸು ಮೊದ್ಲು!"

ಇಳಿಸಿದಳು. ಒಂದು ಕಿಲೋ ನೀರು ಹಿಡಿಯುವ ಬಿಸಿಯಲ್ಲಿ ಅಷ್ಟೇ ತೂಕದ ಉಕ್ಕು ಹಿಡಿಯುವುದು ನೂರಕ್ಕೆ ಹನ್ನೆರಡು ಪಾಲು ಎಂದು ಪುಸ್ತಕದ ಕೋಷ್ಟಕ ಹೇಳುತ್ತಿತ್ತು. ಹಾಗಾದರೆ ತೊಟ್ಟಿಯೇ ಸುಮಾರು ನಾಲ್ಕು ಲೀಟರ್ ನೀರಿಗೆ ಸಮ. ಇಪ್ಪತ್ತರ ಬದಲು ಇಪ್ಪತ್ತನಾಲ್ಕು ಇಟ್ಟು ಲೆಕ್ಕ ಹಾಕಿದಳು. ಹನ್ನೆರಡು! ಖುಷಿಯ ಹಿಂದೆಯೇ ಸಿಟ್ಟೂ ಬಂತು. ಹದಿನೆಂಟು ವರ್ಷ ಕೈಗೆ ಗೊತ್ತಿದ್ದದ್ದನ್ನು ಒಂದು ದಿನವಾದರೂ ಏಕೆಂದು ಕೇಳಿರಲಿಲ್ಲವಲ್ಲ.

ಮುಂದಿನ ಭಾನುವಾರ ಮೇಷ್ಟ್ರು ಅವಳ ಕಾಗದವನ್ನು ಎರಡು ಸಲ ಓದಿ, ಅದೇ ಲೆಕ್ಕವನ್ನು ಹಲಗೆಯ ಮೇಲೆ ಬರೆದು ತರಗತಿಗೆಲ್ಲ ಬಿಡಿಸಲು ಕೊಟ್ಟರು.

ಪರೀಕ್ಷೆಯಲ್ಲಿ ಭೌತಶಾಸ್ತ್ರ ದಾಟಿತು, ರಸಾಯನಶಾಸ್ತ್ರ ಐದು ಅಂಕಕ್ಕೆ ಕೈಕೊಟ್ಟಿತು. ಮೋಲ್ ಎಂಬ ಪದ ಕೇಳಿದರೇ ಉರಿದು ಬೀಳುತ್ತಾ ಆರು ತಿಂಗಳು ಅದನ್ನೇ ತಿದ್ದಿ ತೀಡಿ ಮತ್ತೆ ಬರೆದು ಪಾಸಾದಳು. ಪ್ರಯೋಗಾಲಯದ ಜಾಗ ಅಷ್ಟರಲ್ಲಿ ಇನ್ನೊಬ್ಬರ ಪಾಲಾಗಿತ್ತು. ಅವರು ಬಿಟ್ಟುಹೋಗುವವರೆಗೆ ಒಂದು ವರ್ಷ ಕಾದಳು. ಈಗ ಅಲ್ಲಿದ್ದಾಳೆ. ಒಂದೇ ಅಳತೆ, ಒಂದೇ ಪುಡಿ, ಆದರೂ ಸೋಮವಾರದ ನೀಲಿ ಮಂಗಳವಾರದ ನೀಲಿಗೆ ಹೊಂದುತ್ತಿಲ್ಲ. ನಲ್ಲಿಯ ನೀರೇ ದಿನಕ್ಕೊಂದು ಥರ ಇರಬಹುದೆಂದು ಅವಳಿಗೆ ಅನುಮಾನ. ಸೀಸೆ ಹಿಡಿದು ಓಡಾಡುತ್ತಿದ್ದಾಳೆ.