ಮೆತ್ತಜ್ಜಿಗೆ ಒಂದು

ಬ್ರೆಡ್ಡಣ್ಣನಿಗೆ ಜನರ ಮುಖ ನೋಡಿ ಮಾತಾಡುವುದೆಂದರೆ ಮೊದಲಿನಿಂದಲೂ ಆಗಿಬರುತ್ತಿರಲಿಲ್ಲ. ಬೇಕರಿಯ ವ್ಯಾನು ಓಡಿಸಿಕೊಂಡು ಅಂಗಡಿ ಅಂಗಡಿಗೆ ಬ್ರೆಡ್ಡು ಹಾಕುತ್ತಿದ್ದ ಕಾಲದಲ್ಲೂ ಅಷ್ಟೇ. ತುಂಬಿದ ಟ್ರೇ ಇಳಿಸುವುದು, ಖಾಲಿ ಟ್ರೇ ಹತ್ತಿಸುವುದು, ತಲೆ ತಗ್ಗಿಸಿಕೊಂಡು ಹೊರಡುವುದು. ಅವನ ಹೆಂಡತಿ ಕೆಟ್ಲಕ್ಕ ಇದಕ್ಕೆ ತದ್ವಿರುದ್ಧ. ಒಂದು ಕೈಯಲ್ಲಿ ದೊಡ್ಡ ಕೆಟಲು, ಇನ್ನೊಂದರಲ್ಲಿ ಲೋಟಗಳ ಬುಟ್ಟಿ ಹಿಡಿದು ಕಾರ್ಖಾನೆಯ ಗೇಟಿನಲ್ಲಿ ಚಹಾ ಮಾರುತ್ತಿದ್ದ ಹೆಂಗಸು; ಕಲ್ಲನ್ನೂ ಮಾತಾಡಿಸುವ ಬಾಯಿ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರಲ್ಲ, ಆ ಗಾದೆಯನ್ನು ಗಂಡ ಹೆಂಡತಿ ಅರ್ಧರ್ಧ ಹಂಚಿಕೊಂಡಿದ್ದರು. ಅಡುಗೆ ಅವನದು, ಮಾತು ಅವಳದು.

ಬೇಕರಿ ಮುಚ್ಚಿದಾಗ ಯಜಮಾನ ಹಳೇ ವ್ಯಾನಿನ ಕೀಲಿಕೈಯನ್ನು ಬ್ರೆಡ್ಡಣ್ಣನ ಕೈಗೆ ಹಾಕಿ, “ಗುಜರಿಗೆ ಹಾಕ್ತೀಯೋ, ತಲೆ ಮೇಲೆ ಹೊತ್ಕೊಂಡು ತಿರುಗ್ತೀಯೋ, ನಿನಗೆ ಬಿಟ್ಟಿದ್ದು” ಅಂದ. ಅಷ್ಟರಲ್ಲಿ ಕೆಟ್ಲಕ್ಕ ಕೆಟಲಿನಿಂದ ತಳ್ಳುಗಾಡಿಗೆ ಬಡ್ತಿ ಪಡೆದಿದ್ದಳು. ಅವಳು ವ್ಯಾನಿಗೆ ಒಂದು ಸುತ್ತು ಹಾಕಿ, ಅದರ ಪಕ್ಕೆಗೆ ಅಂಗೈಯಿಂದ ಬಡಿದು, “ಇಲ್ಲೊಂದು ಕಿಟಕಿ ಕೊಯ್ಸಿ. ಉಳಿದಿದ್ದು ನಾನು ನೋಡ್ಕೋತೀನಿ” ಅಂದಳು. ವೆಲ್ಡಿಂಗಿನವನು ನಕ್ಕು ನಕ್ಕು ಸುಸ್ತಾದ. ವ್ಯಾನಿನ ಹೊಟ್ಟೆ ಬಗೆದು ಅಂಗಡಿ ಮಾಡಿದ್ದನ್ನು ಆ ಊರಿನಲ್ಲಿ ಯಾರೂ ಕಂಡಿರಲಿಲ್ಲ. ಪಾಳಿ ಬಿಡುವ ಹೊತ್ತಿಗೆ ಕಾರ್ಖಾನೆಯ ಗೇಟು, ಮಧ್ಯಾಹ್ನ ಕಚೇರಿಗಳ ಬೀದಿ, ಸಂಜೆ ಬಸ್ ನಿಲ್ದಾಣ. ಹಸಿದವರು ಅಂಗಡಿ ಹುಡುಕಿಕೊಂಡು ಹೋಗುವುದು ತಪ್ಪಿ, ಅಂಗಡಿಯೇ ಹಸಿದವರನ್ನು ಹುಡುಕಿಕೊಂಡು ಹೊರಟಿತು.

ಒಳಗೆ ಒಲೆ ಕೂರಿಸುವಾಗ ಬ್ರೆಡ್ಡಣ್ಣ ಒಂದೇ ಹಟ ಹಿಡಿದ. ಒಲೆ ಕಿಟಕಿಯ ಎದುರು ಗೋಡೆಗಿರಬೇಕು; ಅಂದರೆ ಬೇಯಿಸುವವನ ಬೆನ್ನು ಜನರ ಕಡೆಗೆ. “ತಿರುಗಿ ನೋಡಿದ್ರೆ ಬ್ರೆಡ್ಡು ಸೀಯುತ್ತೆ” ಅಂತ ನೆಪ ಹೇಳಿದ. ಅವನದು ನಾಚಿಕೆ ಅನ್ನುವುದು ಹೆಂಡತಿಗೆ ಗೊತ್ತಿತ್ತು, ಸುಮ್ಮನಾದಳು. ಅವತ್ತಿನಿಂದ ಅವನು ಲೆಕ್ಕವಿಲ್ಲದಷ್ಟು ಜನಕ್ಕೆ ಬೇಯಿಸಿ ಹಾಕಿದ, ಒಬ್ಬರ ಮುಖವನ್ನೂ ನೋಡಲಿಲ್ಲ.

ಸ್ಟೌವಿನ ಬುಸುಬುಸು, ಬೀದಿಯ ಹಾರನ್ನು, ಇವುಗಳ ನಡುವೆ ‘ಎರಡು ಮೊಟ್ಟೆ, ಈರುಳ್ಳಿ ಬೇಡ, ಮೆಣಸು ಜಾಸ್ತಿ, ಬ್ರೆಡ್ಡು ಕೆಂಪಗೆ’ ಅಂತ ಉದ್ದುದ್ದ ಕೂಗಿದರೆ ಅರ್ಧ ಗಾಳಿಗೆ ಹೋಗುತ್ತಿತ್ತು. ಅದಕ್ಕೆ ಕೆಟ್ಲಕ್ಕ ತಿಂಡಿಯನ್ನು ಬಿಟ್ಟು ತಿನ್ನುವವರನ್ನೇ ಕೂಗತೊಡಗಿದಳು. “ಗಡಿಬಿಡಿಗೆ ಒಂದು” ಅಂದರೆ ಸದಾ ಓಡುತ್ತಲೇ ಬರುವವನಿಗೆ ಅರೆಬೆಂದ ಮೊಟ್ಟೆ, ಕಾಗದದಲ್ಲಿ ಸುತ್ತಿ. “ಕನ್ನಡಿಗೆ ಒಂದು” ಅಂದರೆ ವ್ಯಾನಿನ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವ ಹುಡುಗಿಗೆ ಸಕ್ಕರೆ ಹಾಕದ ಚಹಾ. “ಅಳಿಯಂದ್ರಿಗೆ ಒಂದು” ಅಂದರೆ ಏನು ಕೊಟ್ಟರೂ ಮೂತಿ ತಿರುಗಿಸುವ ಒಬ್ಬ ಮೇಷ್ಟ್ರಿಗೆ ಮೆಣಸು ಜಾಸ್ತಿ. ಅವಳು ಕೂಗಿದ ಹೆಸರು ಕಿವಿಗೆ ಬೀಳುತ್ತಲೇ ಅವನ ಕೈ ತನ್ನಷ್ಟಕ್ಕೆ ಓಡುತ್ತಿತ್ತು. ತಮ್ಮ ಮೇಲೆ ಇಂಥ ಹೆಸರುಗಳಿವೆ ಅಂತ ತಿನ್ನುವವರಿಗೆ ಸುಳಿವೇ ಇರಲಿಲ್ಲ. ಅದೇನೋ ಗಾಡಿಯವರ ಭಾಷೆ ಅಂದುಕೊಂಡಿದ್ದರು.

ವರ್ಷಗಳು ಉರುಳಿದವು. ಅವರನ್ನು ನೋಡಿ ಇನ್ನೊಬ್ಬ ಹಳೇ ಟೆಂಪೋಗೆ ಕಿಟಕಿ ಕೊಯ್ಸಿದ, ಮತ್ತೊಬ್ಬ ಲಾರಿಗೆ. ಜ್ಯೂಸಿನ ಗಾಡಿ ಬಂತು, ಮಷೀನಿನ ಕಾಫಿ ಗಾಡಿ ಬಂತು, ಬಣ್ಣದ ದೀಪ ಹಾಕಿ ಹಾಡು ಹಚ್ಚುವ ಗಾಡಿಗಳು ಬಂದವು. ಕಚೇರಿ ಬೀದಿಯ ಒಂದು ಬದಿ ಪೂರ್ತಿ ಗಾಡಿಗಳ ಸಾಲಾಯಿತು. ಅದುವರೆಗೆ ಎಲ್ಲರ ಬಾಯಲ್ಲೂ ಬರೀ ಗಾಡಿಯಾಗಿದ್ದದ್ದು ಒಮ್ಮೆಲೇ ಫುಡ್ ಟ್ರಕ್ ಆಯಿತು. “ಗಾಡಿ ಅಂದಾಗ ಹಸಿದೋರು ಬರ್ತಿದ್ರು, ಫುಡ್ ಟ್ರಕ್ ಅಂದ್ಮೇಲೆ ಫೋಟೋದೋರು ಬರ್ತಾರೆ” ಅಂತ ಕೆಟ್ಲಕ್ಕ ನಗುತ್ತಿದ್ದಳು. ನಕ್ಕರೂ ಅವಳ ಕಿಟಕಿಯ ಮುಂದಿನ ಸಾಲು ಕರಗಲಿಲ್ಲ.

ಆ ಸಾಲಿಗೆ ಮೆತ್ತಜ್ಜಿ ಸೇರಿದ್ದು ತಡವಾಗಿ. ಒಂದು ಮಧ್ಯಾಹ್ನ ನೂಕುನುಗ್ಗಲು ಕರಗಿದ ಮೇಲೆ ಕೆಟ್ಲಕ್ಕ ಹೊಸ ಕೂಗು ಕೂಗಿದಳು. “ರೀ, ಮೆತ್ತಜ್ಜಿಗೆ ಒಂದು.”

“ಅದ್ಯಾರೇ?”

“ಪಾಪ, ಹಲ್ಲಿಲ್ಲದ ಅಜ್ಜಿ. ಬ್ರೆಡ್ಡಿನ ಅಂಚು ತೆಗೀರಿ, ತೆಳ್ಳಗಿನ ಸೂಪಿನಲ್ಲಿ ನೆನೆಸಿ ಮಸೀರಿ. ಮೆಣಸು ಸೋಕಿಸ್ಬೇಡಿ. ಬಿಸಿ ಆರಿಸಿ ಕೊಡಿ.”

ಅಲ್ಲಿಂದ ದಿನಾ ಅದೇ ಹೊತ್ತಿಗೆ ಆ ಕೂಗು. ಬಟ್ಟಲು ಹಿಡಿದು ಕೆಟ್ಲಕ್ಕ ಹಿಂದಿನ ಬಾಗಿಲಿನಿಂದ ಇಳಿದು ಹೋಗುವಳು. ಅಜ್ಜಿಗೆ ಕಿಟಕಿಯ ತನಕ ನಡೆಯಲಾಗುವುದಿಲ್ಲವಂತೆ, ಹಿಂದೆ ಮೆಟ್ಟಿಲ ಮೇಲೆ ಕೂರುತ್ತಾಳಂತೆ. ಸ್ವಲ್ಪ ಹೊತ್ತಿಗೆ ಖಾಲಿ ಬಟ್ಟಲು ತಂದು, “ಅಜ್ಜಿ ಹೇಳಿದ್ಲು, ನಿಮ್ಮ ಕೈರುಚಿ ಬೇರೆ ಯಾರಿಗೂ ಬರಲ್ವಂತೆ” ಅನ್ನುವಳು. ಅಷ್ಟು ವರ್ಷಗಳಲ್ಲಿ ಗಡಿಬಿಡಿ ಹೊಗಳಿರಲಿಲ್ಲ, ಅಳಿಯಂದಿರಂತೂ ಬಿಡಿ. ಬ್ರೆಡ್ಡಣ್ಣ ಒಳಗೊಳಗೇ ಉಬ್ಬಿಹೋದ.

ಕೆಟ್ಲಕ್ಕ ಸೊರಗಿದ್ದು ಅವನಿಗೆ ಕಾಣಲಿಲ್ಲವೇ ಅಂದರೆ, ಕಂಡಿತ್ತು. ಮನೆಯಲ್ಲಿ ತಟ್ಟೆಯ ಮುಂದೆ ಕೂತರೆ “ನಾನು ಗಾಡೀಲೇ ತಿಂದೆ” ಅನ್ನುತ್ತಿದ್ದಳು. ದನಿ ಒಡೆದಿತ್ತು. ಬೆಳಗಿನಿಂದ ಸಂಜೆಯ ತನಕ ಕೂಗುವ ಗಂಟಲು ಒಡೆಯದೆ ಇರುತ್ತದೆಯೇ ಅಂತ ಅವನು ಬಿಸಿನೀರು ಕಾಯಿಸಿ ಕೊಡುತ್ತಿದ್ದ. ಕೆಲಸ ಹೆಚ್ಚಾಯಿತು, ವಯಸ್ಸಾಯಿತು ಅಂದುಕೊಂಡ. ಅಂದುಕೊಳ್ಳುವುದು ಸುಲಭ ನೋಡಿ.

ಒಂದು ದಿನ ಮಾತ್ರ ಅವನು ಸಿಡಿದ. ಗ್ಯಾಸ್ ಮುಗಿಯುತ್ತ ಬಂದಿತ್ತು, ಹೊರಗೆ ಸಾಲು ಬೆಳೆದಿತ್ತು, ಕೈ ಸುಟ್ಟುಕೊಂಡಿದ್ದ. ಆ ಹೊತ್ತಿಗೇ ಮೆತ್ತಜ್ಜಿಯ ಕೂಗು ಬಿತ್ತು. “ಹಲ್ಲಿಲ್ಲದ ಬಾಯಿಗೆ ಬೀದಿ ತಿಂಡಿ ಚಪಲ ಬೇರೆ” ಅಂದ. “ಮನೇಲಿ ಗಂಜಿ ಕುಡ್ಕೊಂಡು ಬಿದ್ದಿರೋಕೆ ಹೇಳು ನಿನ್ನ ಅಜ್ಜಿಗೆ.” ಅರ್ಧ ಸಿಟ್ಟು, ಅರ್ಧ ತಮಾಷೆ. ಆಮೇಲೆ ನಾಲ್ಕಾರು ದಿನ ಆ ಕೂಗೇ ಬರಲಿಲ್ಲ. ಕೊನೆಗೆ ಅವನಿಗೇ ತಡೆಯಲಾಗದೆ, “ಎಲ್ಲೇ ನಿನ್ನ ಅಜ್ಜಿ?” ಅಂದ. “ಬೇಜಾರು ಮಾಡ್ಕೊಂಡಿದ್ದಾಳೆ” ಅಂದಳು. ಅವನು ಬೆಣ್ಣೆ ಹಾಕಿ ಬಟ್ಟಲು ಕಲಸಿ, ತಿರುಗದೆಯೇ ಹಿಂದಕ್ಕೆ ಚಾಚಿ, “ಕೊಟ್ಬಿಟ್ಟು ಬಾ. ತಪ್ಪಾಯ್ತು ಅಂತ ಹೇಳು” ಅಂದ. ಖಾಲಿ ಬಟ್ಟಲು ಬಂತು. “ಸಿಟ್ಟಿಲ್ವಂತೆ” ಅಂದಳು ಒಡಕು ದನಿಯಲ್ಲಿ.

ಕೆಟ್ಲಕ್ಕ ಬಿದ್ದದ್ದು ಮನೆಯಂಗಳದಲ್ಲಿ, ಲೋಟಗಳನ್ನು ತೊಳೆಯುವಾಗ. ಗಂಟಲಲ್ಲಿ ಗಡ್ಡೆ, ತುಂಬ ಹಳೆಯದು, ಕೈಮೀರಿದೆ ಅಂತ ಡಾಕ್ಟರು ಹೇಳಿದರು. ಇವರು ಇಷ್ಟು ದಿನ ಏನು ನುಂಗುತ್ತಿದ್ದರು ಅಂತ ಕೇಳಿದರು. ಚಹಾ ಕುಡಿದೇ ದಿನ ದೂಡಿದಳೇನೋ ಅಂದುಕೊಂಡ ಬ್ರೆಡ್ಡಣ್ಣ. ಅವಳ ದನಿ ಪೂರ್ತಿ ನಿಂತುಹೋಗಿತ್ತು. ಕಲ್ಲನ್ನು ಮಾತಾಡಿಸಿದವಳು ಗೋಡೆ ನೋಡುತ್ತ ಮಲಗಿದಳು. ಏನು ಹೇಳಿ ಸಮಾಧಾನ ಮಾಡಬೇಕೆಂದು ತಿಳಿಯದೆ ಅವನು ಅವಳ ಕೈ ಹಿಡಿದು, “ಮೆತ್ತಜ್ಜಿದು ಚಿಂತೆ ಮಾಡ್ಬೇಡ ಕಣೇ. ನಾನಿದೀನಿ. ಅವಳನ್ನ ಉಪವಾಸ ಕೆಡವಲ್ಲ” ಅಂದ. ಅವಳು ಅವನನ್ನೇ ನೋಡಿ ನಕ್ಕಳು. ಕಣ್ಣಲ್ಲಿ ನೀರೂ ಬಂತು. ಹೆಂಡತಿಗೆ ನೆಮ್ಮದಿಯಾಯಿತು ಅಂತ ಅವನು ತಿಳಿದ. ಆ ವಾರವೇ ಅವಳು ಹೋಗಿಬಿಟ್ಟಳು.

ಮತ್ತೆ ಗಾಡಿ ತೆಗೆದ ದಿನ ಬ್ರೆಡ್ಡಣ್ಣ ಮೊದಲ ಸಲ ಕಿಟಕಿಗೆ ಮುಖ ಮಾಡಿ ನಿಂತ. “ನಂದು ದಿನದ್ದೇ ಕೊಡಿ ಅಣ್ಣ” ಅಂತ ಒಬ್ಬ ಅಂದ. ದಿನದ್ದು ಅಂದರೆ ಯಾವುದು? ಬ್ರೆಡ್ಡಣ್ಣ ಹಿಂದು ಮುಂದು ನೋಡಿ, “ನೀವು... ಗಡಿಬಿಡೀನಾ?” ಅಂದ. ಪಕ್ಕದವಳು ಕಿಸಕ್ಕನೆ ನಕ್ಕಳು. ಅವಳೇ ಕನ್ನಡಿ ಅಂತ ಗೊತ್ತಾದ ಮೇಲೆ ನಗು ನಿಂತಿತು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, “ಹಾಗಾದ್ರೆ ಅಳಿಯ ಅಂದ್ರೆ ನಾನು” ಅಂದರು. ಬೈಯುತ್ತಾರೇನೋ ಅಂದುಕೊಂಡರೆ, ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. ಅವಳಿಟ್ಟ ಹೆಸರುಗಳನ್ನು ಹೇಳಿಸಿಕೊಳ್ಳುವುದಕ್ಕೇ ಆ ವಾರ ಜನ ಬಂದರು. ನಕ್ಕರು, ಅತ್ತರು, ಉಪ್ಪು ಜಾಸ್ತಿಯಾಗಿದ್ದರೂ ತಿಂದು ಹೋದರು.

ಮೆತ್ತಜ್ಜಿ ಮಾತ್ರ ಬರಲಿಲ್ಲ. ಬ್ರೆಡ್ಡಣ್ಣ ದಿನಾ ಆ ಹೊತ್ತಿಗೆ ಬ್ರೆಡ್ಡು ನೆನೆಸಿ, ಮಸೆದು, ಆರಿಸಿ, ಹಿಂದಿನ ಮೆಟ್ಟಿಲ ಮೇಲೆ ಇಟ್ಟು ಕಾದ. ಬಟ್ಟಲು ಹಾಗೇ ಇರುತ್ತಿತ್ತು. ಅವನಿಗೆ ಅನುಮಾನ ಬರಲಿಲ್ಲವೇ ಅಂತ ನೀವು ಕೇಳಬಹುದು. ಅವನ ಪಾಲಿಗೆ ಗಡಿಬಿಡಿ ಎಷ್ಟು ನಿಜವೋ ಮೆತ್ತಜ್ಜಿಯೂ ಅಷ್ಟೇ ನಿಜ. ಇಬ್ಬರನ್ನೂ ಅವನು ನೋಡಿರಲಿಲ್ಲ. ಎಲ್ಲೋ ಒಬ್ಬ ಮುದುಕಿ ಹಸಿದು ಕೂತಿದ್ದಾಳೆ, ಸಾಯುವವಳಿಗೆ ಕೊಟ್ಟ ಮಾತು ತಪ್ಪುತ್ತಿದೆ ಅಂತ ಅವನಿಗೆ ನಿದ್ದೆ ಹತ್ತದಾಯಿತು. ಎಂದೂ ಮಾತಾಡದವನು ಸಿಕ್ಕ ಸಿಕ್ಕವರನ್ನೆಲ್ಲ ಕೇಳಿದ. ಗಡಿಬಿಡಿ ಪಕ್ಕದ ಓಣಿಯಿಂದ ಒಬ್ಬ ಅಜ್ಜಿಯನ್ನು ಕೈಹಿಡಿದು ಕರೆತಂದ. ಆಕೆ ಬಟ್ಟಲು ನೋಡಿ, “ಇದೇನಪ್ಪ ಇದು, ಮಗೂಗೆ ಕಲಸಿದ ಹಾಗಿದೆ. ನಂಗೆ ಹಲ್ಲು ಗಟ್ಟಿಯಾಗಿದೆ, ಆಮ್ಲೆಟ್ ಕೊಡು” ಅಂತ ತಿಂದು ಹೋದಳು.

ಬ್ರೆಡ್ಡಣ್ಣನ ಗಾಡಿಯ ಬೆನ್ನಿಗೆ ನಿಲ್ಲುತ್ತಿದ್ದ ಗಾಡಿ ಜ್ಯೂಸಿನವಳದು. ಹೆರಿಗೆಗೆ ತವರಿಗೆ ಹೋಗಿದ್ದರಿಂದ ಅದಕ್ಕೆ ಬೀಗ ಬಿದ್ದಿತ್ತು. ಕೂಸನ್ನು ಹೆಗಲಿಗೆ ಹಾಕಿಕೊಂಡು ವಾಪಸು ಬಂದವಳು ಬ್ರೆಡ್ಡಣ್ಣನನ್ನು ಕಂಡು ಕಣ್ಣೊರೆಸಿಕೊಂಡಳು. ಅವನು ಬಟ್ಟಲು ಹಿಡಿದುಕೊಂಡೇ ಕೇಳಿದ. “ತಂಗಿ, ನಿನ್ನ ಗಾಡಿಗೆ ನಮ್ಮ ಹಿಂದಿನ ಮೆಟ್ಟಿಲು ಕಾಣುತ್ತೆ. ಅಲ್ಲಿ ಕೂರ್ತಿದ್ದ ಅಜ್ಜಿ ಮನೆ ಎಲ್ಲಿ, ಗೊತ್ತಾ?”

“ಯಾವ ಅಜ್ಜಿ ಅಣ್ಣ?”

“ಮೆತ್ತಜ್ಜಿ. ದಿನಾ ಇದನ್ನ ತಿಂತಿದ್ದೋಳು.”

ಜ್ಯೂಸಿನವಳು ಬಟ್ಟಲು ನೋಡಿದಳು, ಅವನ ಮುಖ ನೋಡಿದಳು. “ಅಲ್ಲಿ ಅಕ್ಕ ಒಬ್ರೇ ಕೂರ್ತಿದ್ದಿದ್ದು. ಇದನ್ನ ತಿಂತಿದ್ದಿದ್ದೂ ಅವರೇ. ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ.”

ಬ್ರೆಡ್ಡಣ್ಣ ತಿರುಗಿ ಆ ಮೆಟ್ಟಿಲ ಕಡೆ ನೋಡಿದ.

“ನಾನು ಎಷ್ಟು ಹೇಳಿದೆ ಅಣ್ಣ, ಆಸ್ಪತ್ರೆಗೆ ಹೋಗಿ ಅಂತ. ಗೊತ್ತಾದ್ರೆ ನಮ್ಮನೆಯವರು ಕಿಟಕಿ ಮುಚ್ಬಿಡ್ತಾರೆ, ಆಮೇಲೆ ಆ ಮನುಷ್ಯನಿಗೆ ಜನರ ಸಂಪರ್ಕವೇ ಇರಲ್ಲ ಅಂದ್ರು. ಭಯಾನೂ ಇತ್ತು ಅಕ್ಕನಿಗೆ.”

ಅವನು ಕೇಳಿದ. “ನಾನೊಂದು ಸಲ ಏನೋ ಅಂದುಬಿಟ್ಟಿದ್ದೆ. ಆಮೇಲೆ ನಾಲ್ಕಾರು ದಿನ ಅಜ್ಜಿ ಬೇಡ ಅಂದಿದ್ಲು. ಆವಾಗ ಏನು ತಿಂದ್ಲು?”

ಜ್ಯೂಸಿನವಳು ಕೂಸಿನ ಬೆನ್ನು ತಟ್ಟುತ್ತ ನಿಂತಳು. ಸುಳ್ಳು ಹೇಳಿದ್ದರೆ ಯಾರೂ ಅದನ್ನು ತಪ್ಪು ಅನ್ನುತ್ತಿರಲಿಲ್ಲ. ಆದರೆ ಅವಳ ಬಾಯಿಗೆ ಸುಳ್ಳು ಬರಲಿಲ್ಲ.

“ನಾನು ಜ್ಯೂಸ್ ಕೊಟ್ಟೆ. ಹುಳಿ, ಉರಿಯುತ್ತೆ ಅಂದ್ರು. ನೀರು ಕುಡೀತಿದ್ರು.”

“ಬರೀ ನೀರಾ?”

“ನೀವಾಗೇ ಕೇಳೋ ತನಕ ಬರೀ ನೀರು ಅಣ್ಣ.”

ಬೀದಿಗೆಲ್ಲ ಉಣಿಸಿದ ಮನುಷ್ಯ ಸ್ವಂತ ಹೆಂಡತಿಯನ್ನು ಒಂದು ಮಾತಿನಿಂದ ಉಪವಾಸ ಕೆಡವಿದ್ದ. ಅವಳು ತಗಡಿನ ಆಚೆಗೆ, ಅವನ ಕೈಗೆಟುಕುವಷ್ಟು ಹತ್ತಿರ, ನೀರು ಕುಡಿದು ಕೂತಿದ್ದಳು. ಅವನು ಒಳಗೆ ಸೌಟು ಆಡಿಸುತ್ತಿದ್ದ.

ಬ್ರೆಡ್ಡಣ್ಣ ಗಾಡಿ ಹತ್ತಿ ಒಲೆ ಆರಿಸಿದ. ಕಿಟಕಿಯ ಮುಂದೆ ಮಧ್ಯಾಹ್ನದ ಸಾಲು ನಿಂತಿತ್ತು. ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ.

“ಇವತ್ತು ಏನೂ ಇಲ್ಲ” ಅಂದ. “ನಮ್ಮವಳು ಊಟ ಮಾಡಿಲ್ಲ.”