ಗುಂಡಗುರ್ತಿಯ ಪೀರಮ್ಮ ತೊಳೆದ ಆಲೂಗಡ್ಡೆ ಮಾರಿದ್ದು

ತೊಗರಿಯನ್ನೇ ನಂಬಿದ ಗುಂಡಗುರ್ತಿಯಲ್ಲಿ, ಬಾವಿ ಪಕ್ಕದ ತುಂಡು ನೆಲಕ್ಕೆ ಆಲೂಗಡ್ಡೆಯೇ ಹಾಕುತ್ತೇನೆಂದು ಹಟ ಹಿಡಿದವಳು ಪೀರಮ್ಮ. ಅಂಟುವ ಕಪ್ಪು ಎರಿಮಣ್ಣಿನಲ್ಲಿ ಗಡ್ಡೆ ಬೆಳೆಯುವುದೆಂದರೆ ಹುಡುಗಾಟವೇ? ಸಾಲಿಗೆ ಮಣ್ಣೇರಿಸಿ ಬೋದು ಎತ್ತರಿಸಿ, ನೀರು ನಿಲ್ಲದಂತೆ ಕಾದು, ಅಂತೂ ಬೆಳೆದಳು. ಗಂಡ ನರಸಪ್ಪ ಮಾತ್ರ ಖಡಕ್ಕಾಗಿ ಹೇಳಿದ್ದ: "ಮೊದಲ ಮಾಲಿಗೇ ರೇಟ್ ಸಿಗಲಿಲ್ಲಂದ್ರ, ಮುಂದಿನ ವರ್ಷ ಅಲ್ಲೂ ತೊಗರೀನೇ ನೋಡು."

ಎರಿಮಣ್ಣು ಗಡ್ಡೆಯನ್ನು ಸುಲಭಕ್ಕೆ ಬಿಡುವುದಿಲ್ಲ. ಆ ಮಣ್ಣಿನ ತೂಕವೆಂದು ಪೇಟೆಯ ಅಡತಿ ದಲ್ಲಾಳಿಗಳು ಚೀಲಕ್ಕಿಷ್ಟು ಮುರಿದುಕೊಳ್ಳುತ್ತಾರೆ. ಹೊಸ ಸೊಸೆ ಭಾಗ್ಯಳಿಗೆ ಇದನ್ನು ಕೇಳಿ ಹೊಟ್ಟೆ ಉರಿಯಿತು. ಅತ್ತೆ ಮಾಲು ಸಾಗಿಸಲು ಟಂಟಂ ಗಾಡಿ ಗೊತ್ತು ಮಾಡಲು ಹೋದಾಗ, ಮೊದಲ ಸಲಕ್ಕೆ ಕಿತ್ತಿಟ್ಟ ಗಡ್ಡೆಯನ್ನೆಲ್ಲ ತಿಕ್ಕಿ ತೊಳೆದು, ಚೀಲಕ್ಕೆ ತುಂಬಿ ಬಾಯಿ ಹೊಲಿದಳು. ಪಾಪ, ಒಳ್ಳೆಯದಾಗಲೆಂದೇ!

ಮರುದಿನ ಚಿತ್ತಾಪುರದ ಪೇಟೆಯಲ್ಲಿ ಅಡತಿಯ ಧರ್ಮಣ್ಣ ಚೀಲದೊಳಗೆ ಕೈ ಹಾಕಿದವನೇ ಹಿಂದೆಳೆದುಕೊಂಡ.

"ಪೀರಮ್ಮ, ಮಾಲು ಹಸಿ ಅದ. ದೂರ ಕಳಸಿದ್ರ ದಾರ್ಯಾಗೇ ಕೊಳೀತದ. ನಾ ಒಲ್ಲೆ."

ಅವನದೇನೂ ತಪ್ಪಿಲ್ಲ. ಮಣ್ಣು ಅಂಟಿದ ಗಡ್ಡೆ ತಾಳುತ್ತದೆ, ತೊಳೆದು ಕಟ್ಟಿದ್ದು ಕೆಡುತ್ತದೆ. "ನಾನೇ ತೊಳ್ದೆ ಅತ್ತಿ" ಎಂದು ಜೊತೆಗೆ ಬಂದಿದ್ದ ಭಾಗ್ಯ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಪೀರಮ್ಮನಿಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಬೇಕು? ಆದರೆ ನಾಲ್ಕು ಜನರ ಮುಂದೆ ಸೊಸೆಯ ಮರ್ಯಾದೆ ತೆಗೆಯುವ ಹೆಂಗಸಲ್ಲ ಅವಳು. ಬೇರೆಯವರಾದರೆ ಸಿಕ್ಕಷ್ಟಕ್ಕೆ ಸುರಿದು ಹಣೆಬರಹ ಎನ್ನುತ್ತಿದ್ದರು. ಇವಳು ಒಂದು ಗಡ್ಡೆ ಹಿಡಿದು ತಿರುವಿ ತಿರುವಿ ನೋಡಿದಳು. ಇಡಲು ಬಾರದ್ದು ಇವತ್ತೇ ಬೇಯಬೇಕು. ಇವತ್ತೇ ಬೇಯಿಸುವವರು ಯಾರು?

"ವಾಡಿಗೆ ನಡಿಯಪ್ಪಾ" ಎಂದಳು ಟಂಟಂನವನಿಗೆ.

ವಾಡಿ ಸ್ಟೇಷನ್ನಿನ ಹೊರಗೆ ಜೈತುನ್ಬೀಯ ಆಲೂಬೋಂಡದ ಬಂಡಿ. ಶಹಾಬಾದಿನ ತವರಿಗೆ ಹೋಗಿಬರುವಾಗಲೆಲ್ಲ ಪೀರಮ್ಮ ಅಲ್ಲಿ ತಿಂದಿದ್ದಳು. ಗಡ್ಡೆಯ ಮಣ್ಣು ತಿಕ್ಕುವುದರಲ್ಲೇ ಆಕೆಯ ಅರ್ಧ ಬೆಳಗು ಹೋಗುವುದನ್ನೂ ಕಂಡಿದ್ದಳು. ಚೀಲದ ಬಾಯಿ ಬಿಚ್ಚಿದಳು.

"ಸೀದಾ ಪಾತೇಲ್ಯಾಗ ಹಾಕ್ರಿ ಅಕ್ಕಾ, ತೊಳ್ಯೋ ಕೆಲಸಿಲ್ಲ. ಆದ್ರ ಇವತ್ತೇ ಖರ್ಚಾಗಬೇಕು, ಇಟ್ರ ಕೊಳೀತಾವ. ಮೊದಲೇ ಹೇಳಾಕತ್ತೀನಿ."

ಕೊನೆಯ ಮಾತು ಹೇಳದೆಯೂ ಮಾರಬಹುದಿತ್ತು. ಹೇಳಿದ್ದಕ್ಕೇ ಜೈತುನ್ಬೀ ಚೌಕಾಸಿ ಮಾಡದೆ ಪೇಟೆಯ ರೇಟಿಗೆ ಕೊಂಡಳು. ಸಮೋಸದವರನ್ನೂ ಖಾನಾವಳಿಯವರನ್ನೂ ಕೂಗಿ ಕರೆದಳು. ಮಧ್ಯಾಹ್ನದೊಳಗೆ ಚೀಲಗಳೆಲ್ಲ ಖಾಲಿ.

"ಭಾಳ ಛಲೋ ಆಯ್ತು. ಹೊಲದಾಗ ಇನ್ನೂ ಉಳಿದಿದ್ರ ಅದನ್ನೂ ಹಿಂಗೇ ತಂದ್ಕೊಡ್ತಿಯೇನವ್ವಾ?" ಎಂದು ಜೈತುನ್ಬೀ ಕೇಳಿದಳು.

ಪೀರಮ್ಮ ಟಂಟಂ ಮರೆಯಲ್ಲಿ ಕುಳಿತಿದ್ದ ಸೊಸೆಯನ್ನು ಕೈ ಹಿಡಿದು ಮುಂದೆ ತಂದಳು.

"ನನಗೇನ್ ಕೇಳ್ತೀರಿ? ತೊಳ್ದು ತರೋ ವಿಚಾರ ಈಕಿದು. ಯಾವಾಗ ಬೇಕು, ಎಷ್ಟು ಬೇಕು, ಈಕಿಗೇ ಹೇಳ್ರಿ."

ಬೆಳಗಿನಿಂದ ತಡೆದಿಟ್ಟ ಅಳುವನ್ನೆಲ್ಲ ಭಾಗ್ಯ ಕಾದ ಬಾಣಲೆಯ ಮುಂದೆಯೇ ಅತ್ತುಬಿಟ್ಟಳು. ಆಮೇಲೆ ಮೂಗು ಒರೆಸಿಕೊಂಡು ಕೇಳಿದಳು:

"ಸಣ್ಣ ಗಡ್ಡಿ ಬೇಕೇನ್ರಿ, ದಪ್ಪಂದು ಬೇಕೇನ್ರಿ?"