ಎಡಗೈ ಊಟ

ಮರೆವು ಜಾಸ್ತಿ ಆಯ್ತು ಅಂತ ಹೋದ್ರೆ ಡಾಕ್ಟ್ರು ಮಾತ್ರೆ ಕೊಡಲಿಲ್ಲ. ಸಣ್ಣಪುಟ್ಟ ಕೆಲಸ ಎಡಗೈಲಿ ಮಾಡಿ, ದಿನಾ ಹೊಸ ದಾರೀಲಿ ಓಡಾಡಿ, ಮಿದುಳು ಚುರುಕಾಗಿರುತ್ತೆ ಅಂದ್ರು.

ತಕ್ಕಡಿ ರಿಪೇರಿಗೆ ಸಾಗರದಿಂದ ಹೊಸನಗರಕ್ಕೆ ಹೋದವನು, ಅಲ್ಲಿನ ಪುಟ್ಟ ಹೋಟ್ಲಲ್ಲಿ ಎಡಗೈಲಿ ಚಮಚ ಹಿಡಿದೆ. ಅರ್ಧ ಸಾರು ಅಂಗಿ ಮೇಲೆ ಹೋಯ್ತು.

"ಅಯ್ಯೋ, ಬಲಗೈಗೆ ಎಂತ ಆಯ್ತು ಮಾರಾಯ್ರೆ?" ಅಂತ ಬಡಿಸೋ ಅಮ್ಮ ಓಡಿ ಬಂದ್ರು. ನಾನು ಬಾಯಿ ಬಿಡೋದ್ರೊಳಗೆ ಅನ್ನ ಕಲಸಿಯೇ ಕೊಟ್ರು.

"ಮನೇಲಿ ಯಾರು ಕಲಸಿ ಕೊಡ್ತಾರೆ?"

"ಯಾರೂ ಇಲ್ಲ" ಅಂದೆ. ಅದಂತೂ ನಿಜ.

"ಹಂಗಾರೆ ನಾಳೆನೂ ಇಲ್ಲಿಗೇ ಬನ್ನಿ."

ತಕ್ಕಡಿ ಅವತ್ತೇ ಸರಿಯಾಗಿತ್ತು. ಆದ್ರೂ ಮರುದಿನ ಅದೇ ಬಸ್ಸು ಹತ್ತಿದೆ. ಹೋಟ್ಲು ಕಂಡ ಕೂಡ್ಲೆ ಬಲಗೈನ ಜೇಬಿಗೆ ಹಾಕ್ಕೊಂಡೆ.

ಹೊಸ ದಾರಿ ವಿಷಯ ಡಾಕ್ಟ್ರು ಕೇಳಿದ್ರೆ, ಮರೆತೇಹೋಯ್ತು ಅಂತೀನಿ.